ಇಲ್ಲದ ಅಜ್ಜನ ಸಹಿ

ಎಲ್ಲಿಂದ ಶುರು ಮಾಡಲಿ? ವ್ಯಾನಿನಿಂದ ಮಾಡಿದರೆ ಕಥೆ ತಮ್ಮನದಾಗುತ್ತದೆ. ರದ್ದಿ ಬೇರ್ಪಡಿಸುವ ಬೆಲ್ಟಿನಿಂದ ಮಾಡಿದರೆ ಅಕ್ಕನದು. ಫೋನಿನಿಂದ ಮಾಡಿದರೆ ನನ್ನದಾಗಿಬಿಡುತ್ತದೆ.

ಹಾಗಾಗಿ ವ್ಯಾನಿನಿಂದ.

೧

ನಮ್ಮ ಓಣಿಯಲ್ಲಿ ಗುರುವಾರ ಬೆಳಿಗ್ಗೆ ಎಡಬದಿ ಖಾಲಿ ಇರಬೇಕು, ನಗರಸಭೆಯ ರದ್ದಿ ಲಾರಿ ಬರುತ್ತದೆ. ಮೂರು ಗುರುವಾರ ಅಲ್ಲೊಂದು ನೀಲಿ ವ್ಯಾನು ನಿಂತಿತ್ತು. ಮೂರು ಸಲವೂ ಲಾರಿ ಓಣಿಯ ಬಾಯಲ್ಲೇ ಹಾರ್ನ್ ಹೊಡೆದು ಹಿಂದಕ್ಕೆ ಹೋಯಿತು. ಹರಿದ ಕರಡುಗಳ ಚೀಲಗಳು ಬೆಳೆದು ಬೆಳೆದು ನನ್ನ ಮನೆಬಾಗಿಲು ಅರ್ಧವೇ ತೆರೆಯುವಂತಾಯಿತು. (ಬರೆಯುವುದು ನನ್ನ ಕಸುಬು. ಕಸುಬಿನಲ್ಲಿ ಕಸ ಮೊದಲೇ ಇದೆ. ನಕ್ಕುಬಿಡಿ, ಮುಂದೆ ಅವಕಾಶ ಕಮ್ಮಿ.)

ವ್ಯಾನಿನವನು ಜನರ ಮನೆ ಸಾಮಾನು ಸಾಗಿಸುವವನು. ಅವನಿಗೊಬ್ಬ ಅಕ್ಕ ಇರುವುದರಿಂದ ಅವನನ್ನು ತಮ್ಮ ಎನ್ನೋಣ. ಇಬ್ಬರ ಮನೆಯೂ ಆ ವ್ಯಾನಿನ ಮೇಲೆ ನಡೆಯುತ್ತದೆ.

೨ (ಎರಡು ಸಲ ಬರೆದು ಹರಿದದ್ದು)

ನಗರಸಭೆಗೆ ನನ್ನ ಸ್ವಂತ ದನಿಯಲ್ಲೇ ಮೂರು ಸಲ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು ರೆಕಾರ್ಡು. ಅಷ್ಟು ಅಮೂಲ್ಯವಾದದ್ದನ್ನು ಮುಟ್ಟುವುದು ಹೇಗೆ? ಯಾರೂ ಮುಟ್ಟಲಿಲ್ಲ.

ನಾನು ಮಿಮಿಕ್ರಿಯಲ್ಲಿ ಪಳಗಿದವನು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ, ಒಂದಿಡೀ ಕಟ್ಟಡವನ್ನು ಮನೆಗೆ ಕಳಿಸಿದ್ದೆ. ನಾಲ್ಕನೆಯ ಕರೆಗೆ ಗಂಟಲಲ್ಲಿ ಒಬ್ಬ ಅಜ್ಜನನ್ನು ಕೂರಿಸಿಕೊಂಡೆ. ಕೆಮ್ಮು. ಉಬ್ಬಸ. ನಡುವೆ ಒಂದು ಉದ್ದದ ಮೌನ.

"ಮಗಾ... ಆಂಬುಲೆನ್ಸು ಒಳಗೆ ಬರಕ್ಕೇ ಆಗ್ತಿಲ್ಲ ಕಣಪ್ಪಾ. ವ್ಯಾನು ಅಡ್ಡ ನಿಂತಿದೆ. ಹೋಗ್ಲಿ ಬಿಡು, ನಂದೇನು, ಇವತ್ತೋ ನಾಳೆಯೋ."

ಆ ಕಡೆಯವನ ದನಿ ಒದ್ದೆಯಾಯಿತು. ನಲವತ್ತು ನಿಮಿಷದಲ್ಲಿ ಕ್ರೇನು ಬಂತು. ಸುಳ್ಳೇಕೆ, ಹೆಮ್ಮೆಯಾಯಿತು. ನನ್ನ ಯಾವ ಕಥೆಯೂ ಓದುಗನ ಮೇಲೆ ಇಷ್ಟು ಬೇಗ ಪರಿಣಾಮ ಬೀರಿರಲಿಲ್ಲ.

೩

ಆಗ ನನಗೆ ಗೊತ್ತಿಲ್ಲದಿದ್ದದ್ದು ಇಷ್ಟು. ರದ್ದಿ ಲಾರಿಗೆ ಅಡ್ಡ ನಿಂತರೆ ಬರೀ ದಂಡ. ಆಂಬುಲೆನ್ಸಿಗೆ ಅಡ್ಡ ನಿಂತರೆ ಜಪ್ತಿ. ದೂರು ಕೊಟ್ಟವರು ಇಪ್ಪತ್ತೊಂದು ದಿನದೊಳಗೆ ಹಿಂಪಡೆಯದಿದ್ದರೆ ಗಾಡಿ ಗುಜರಿ ಯಂತ್ರಕ್ಕೆ.

(ಓದುಗರೇ, ಗೊತ್ತಿದ್ದರೆ ಮಾಡುತ್ತಿರಲಿಲ್ಲವೇ ಎಂದು ಕೇಳಬೇಡಿ. ಬಾಗಿಲು ಅರ್ಧವೇ ತೆರೆಯುತ್ತಿತ್ತು ಅಂದೆನಲ್ಲ.)

೪

ಹನ್ನೆರಡನೆಯ ದಿನ ಅಕ್ಕ ಬಂದಳು. ಕೈಗವಸು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನಗರಸಭೆಯ ರದ್ದಿ ಶೆಡ್ಡಿನಲ್ಲಿ ಸಾಗುವ ಬೆಲ್ಟಿನ ಮುಂದೆ ನಿಂತು ಕಾಗದ ಬೇರ್ಪಡಿಸುವ ಕೆಲಸವಂತೆ. ಶೆಡ್ಡಿನ ಕಿಟಕಿಯಾಚೆಯೇ ಗುಜರಿ ಅಂಗಳ. ನೀಲಿ ವ್ಯಾನು ಮುಂದಿನ ಸಾಲಿಗೆ ಸರಿಯುತ್ತಿರುವುದು ನಿಂತಲ್ಲಿಂದಲೇ ಕಾಣುತ್ತದಂತೆ. ತಮ್ಮ ಮಾತಾಡುವುದನ್ನೇ ಬಿಟ್ಟಿದ್ದಾನಂತೆ.

"ಇಲ್ಲಿ ಕಾಯ್ಲೆ ಬಿದ್ದಿರೋ ಅಜ್ಜ ಯಾರ ಮನೇಲಿದ್ದಾರೆ ಸಾರ್? ಎಲ್ಲಾ ಬಾಗ್ಲೂ ತಟ್ಟಿದೆ. ಅವ್ರ ಕಾಲು ಹಿಡ್ಕೋಬೇಕು. ತಪ್ಪು ನಮ್ದೇ."

ಗೊತ್ತಿಲ್ಲವಲ್ಲಮ್ಮ, ಅಂದೆ. ಯಾರ ದನಿಯಲ್ಲಿ ಅಂದೆ ಎಂದು ಇಂದಿಗೂ ತಿಳಿದಿಲ್ಲ.

೫ (ಕೊನೆಗಳು)

ಕೊನೆ ಒಂದು: ಲೇಖಕ ನಗರಸಭೆಯ ಕೌಂಟರಿಗೆ ಹೋಗಿ ನಿಜ ಹೇಳುತ್ತಾನೆ. ವ್ಯಾನು ಮನೆಗೆ ಬರುತ್ತದೆ.

ಕಾಗದದೊಳಗಿನ ಅಕ್ಕ ಕೇಳುತ್ತಾಳೆ: "ಹೋಗಿದ್ರಾ?"

ಹೋಗಿದ್ದೆ. ಇಪ್ಪತ್ತನೆಯ ದಿನ, ಅಂದರೆ ನಿನ್ನೆ. ಆ ದೂರು ಹಿಂಪಡೆಯಬಹುದೇ ಎಂದು ಮೆತ್ತಗೆ ಕೇಳಿದೆ. ಗುಮಾಸ್ತ ತಲೆ ಎತ್ತಲಿಲ್ಲ.

"ದೂರು ಕೊಟ್ಟ ಅಜ್ಜ ಬಂದು ಸಹಿ ಹಾಕ್ಬೇಕು. ನೀವು ಅವ್ರಿಗೇನಾಗ್ಬೇಕು?"

ಏನಾಗಬೇಕು? ತಂದೆಯೂ ನಾನೇ, ಬಾಯಿಯೂ ನಾನೇ. ಗಾಜಿನ ಮೇಲೆ ಚೀಟಿ ಅಂಟಿಸಿತ್ತು: ಸುಳ್ಳು ದೂರಿಗೆ ಆರು ತಿಂಗಳು ಸಜೆ. ಪರಿಚಯದವರು, ಅಂದು ಎದ್ದು ಬಂದೆ.

ಕೊನೆ ಎರಡು: ಅಜ್ಜ ಸಾಯುತ್ತಾನೆ, ದೂರು ರದ್ದಾಗುತ್ತದೆ.

"ಅಜ್ಜ ಸತ್ರೆ ನನ್ ತಮ್ಮನೇ ಸಾಯ್ಸಿದ ಅಂತಾರೆ. ಬೇರೆ ಬರೀರಿ."

ಕೊನೆ ಮೂರು: ಅಕ್ಕನ ಕ್ಷಮೆ. ಓದುಗರ ಕಣ್ಣಲ್ಲಿ ನೀರು.

"ಯಾರನ್ನ ಕ್ಷಮಿಸ್ಲಿ? ಅಜ್ಜನ್ನಾ?"

ಅವಳ ಬಾಯಿಗೂ ನಾನೇ ಮಾತು ಕೊಡುತ್ತಿದ್ದೇನೆ, ನಿಜ. ಆದರೂ ಪ್ರತಿ ಸಲ ಅವಳೇ ಗೆಲ್ಲುತ್ತಾಳೆ.

೬

ಇಂದು ಗುರುವಾರ. ಗುಜರಿ ಯಂತ್ರ ನಾಳೆ ಬೆಳಿಗ್ಗೆ ಹತ್ತಕ್ಕೆ.

ನಡೆದದ್ದನ್ನೆಲ್ಲ ಬರೆದು, ಕೆಳಗೆ ನನ್ನ ನಿಜವಾದ ಸಹಿ ಹಾಕಿ, ಈ ಹಾಳೆಗಳನ್ನು ಹರಿಯದೆ ರದ್ದಿ ಚೀಲದ ಮೇಲ್ಗಡೆಯೇ ಇಟ್ಟಿದ್ದೇನೆ. ಬೆಲ್ಟಿನ ಮೇಲೆ ಅಕ್ಕನ ಕಣ್ಣಿಗೆ ಬೀಳಲಿ, ಎತ್ತಿಕೊಂಡು ಕೌಂಟರಿಗೆ ಓಡಲಿ ಎಂದು. ಒಳ್ಳೆಯ ಕೊನೆ, ಅಲ್ಲವೇ? ಲೇಖಕನ ತಪ್ಪೊಪ್ಪಿಗೆ ಲೇಖಕ ಬಾಯಿಬಿಡದೆಯೇ ಮುಗಿಯುತ್ತದೆ.

(ಗುರುವಾರದ ಕಾಗದ ಬೆಲ್ಟಿಗೆ ಬೀಳುವುದು ಶನಿವಾರ. ಅಕ್ಕ ಅವತ್ತೇ, ಬಾಗಿಲಲ್ಲಿ ನಿಂತು ಹೇಳಿದ್ದಳು. ಕಂಸದೊಳಗಿಟ್ಟರೆ ನೀವು ಹಾರಿಸಿ ಓದುತ್ತೀರೇನೋ ಎಂದುಕೊಂಡಿದ್ದೆ.)

ಇಲ್ಲಿಗೆ ಮುಗಿಸಲಾರೆ, ಮುಂದಕ್ಕೂ ಬರೆಯಲಾರೆ. ಒಂದು ಕೈಯಲ್ಲಿ ಚೀಲವಿದೆ, ಇನ್ನೊಂದರಲ್ಲಿ ಫೋನು. ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಿದೆ ರೆಕಾರ್ಡು. ಆಮೇಲೆ ಒಬ್ಬ ಮನುಷ್ಯ: "ಹಲೋ, ಯಾರು ಮಾತಾಡ್ತಿರೋದು?"

ಗಂಟಲು ಸರಿಮಾಡಿಕೊಳ್ಳುತ್ತೇನೆ. ಕೆಮ್ಮು ತಾನಾಗಿಯೇ ಬರುತ್ತದೆ.

ಹೊರಗೆ ಲಾರಿ ಓಣಿಯೊಳಕ್ಕೆ ತಿರುಗಿದೆ. ಹಾರ್ನ್ ಹೊಡೆಯಲಿಲ್ಲ. ಎಡಬದಿ ಖಾಲಿ ಇದೆ.