ಕೂಗದ ಪೆಟ್ಟಿಗೆ

ವಾಸನೆ ಇಂಟರ್‌ನೆಟ್ಟಿನಲ್ಲಿ ದಾಟಿ ಹೋಗುವುದಿಲ್ಲ. ಆದರೂ ವಿಡಿಯೋ ಕರೆಯಲ್ಲಿದ್ದ ಗೈಡ್, ನಾನು ಇಂಟರ್ನ್‌ಶಿಪ್ ಮಾಡುತ್ತಿದ್ದ ಕಂಪನಿಯವನು, ಮೂಗು ಮುಚ್ಚಿಕೊಂಡ. ಮುಚ್ಚಿಕೊಂಡರು ಎನ್ನಬೇಕಿತ್ತು, ನನ್ನ ಬಾಯಿಗೆ ಬರುವುದಿಲ್ಲ.

"ಏನಮ್ಮಾ ಅದು, ನಿನ್ನ ಹಿಂದೆ? ಚರಂಡಿಯಿಂದ ಎದ್ದು ಬಂದಂಗಿದೆ!"

ಚರಂಡಿಯಿಂದಲೇ ಎದ್ದು ಬಂದಿದ್ದ. ಕೆಲಸ ಮುಗಿಸಿದ ಅಪ್ಪ, ಹೊರಗಿನ ನಲ್ಲಿಯಲ್ಲಿ ನೀರಿಲ್ಲದೆ, ಕೊಡ ಹುಡುಕಿಕೊಂಡು ಒಳಗೆ ಬಂದಿದ್ದ. ನಮ್ಮದು ಒಂದೇ ಕೋಣೆ. ಮಂಚವೇ ನನ್ನ ಆಫೀಸು. ಟ್ರಂಕಿನ ಮೇಲೆ ಲ್ಯಾಪ್‌ಟಾಪು, ನೆಟ್‌ವರ್ಕಿಗಾಗಿ ಕಿಟಕಿಯ ಸರಳಿಗೆ ಕಟ್ಟಿದ ಫೋನು. ಪರದೆಯ ಉಳಿದ ಚೌಕಗಳಲ್ಲಿ ನನ್ನಂತೆಯೇ ಇಂಟರ್ನ್‌ಶಿಪ್ ಮಾಡುತ್ತಿದ್ದ ಹುಡುಗರು ಹಲ್ಲು ಕಿರಿದರು. ತನ್ನನ್ನು ಮಾತಾಡಿಸಿದರೆಂದುಕೊಂಡು ಅಪ್ಪನೂ ನಕ್ಕು, ಅವರಿಗೆಲ್ಲ ಕೈ ಮುಗಿದ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ನಮ್ಮಪ್ಪ ಸಾರ್. ಮ್ಯಾನ್‌ಹೋಲ್ ಕೆಲಸ."

ಗೈಡ್‌ನ ಕೈ ಮೂಗಿನಿಂದ ಇಳಿಯಿತು. ಮುಖ ಅರಳಿತು.

"ಮೊದ್ಲೇ ಹೇಳ್ಬಾರ್ದಾ! ಟೆಸ್ಟಿಂಗಿಗೆ ಜನ ಹುಡುಕಿ ಹುಡುಕಿ ಸಾಕಾಗಿತ್ತು. ಪುಕ್ಕಟೆ ಸಿಕ್ಕಂಗಾಯ್ತು."

ಆ ಕಂಪನಿ ಮಾಡುತ್ತಿದ್ದದ್ದು ಅಂಗೈಯಗಲದ ಒಂದು ಪೆಟ್ಟಿಗೆ. ಗುಂಡಿಗೆ ಇಳಿಯುವವನು ಅದನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕು. ವಿಷಗಾಳಿ ಮಿತಿ ಮೀರಿದರೆ ಕೆಂಪು ದೀಪ ಹತ್ತಿ ಕೂಗುತ್ತದೆ, ಇಲ್ಲದಿದ್ದರೆ ಹಸಿರು. ಅದರೊಳಗಿನ ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ಮನೆಯಿಂದಲೇ ಒಂದೂವರೆ ತಿಂಗಳು, ಸಂಬಳವಿಲ್ಲ, ಕೊನೆಗೊಂದು ಸರ್ಟಿಫಿಕೇಟ್. ಅದಿಲ್ಲದೆ ಕಾಲೇಜಿನವರು ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ತಪ್ಪಿದರೆ ಅವ್ವನ ಜೊತೆ ಬೀದಿ ಗುಡಿಸುವುದೇ ಗತಿ.

ಪೆಟ್ಟಿಗೆಗಳು ಕೊರಿಯರಿನಲ್ಲಿ ಬಂದವು, ಅಪ್ಪನ ಗುಂಪಿನವರಿಗೆಲ್ಲ ಒಂದೊಂದು.

"ನೋಡ್ರೋ, ನನ್ ಮಗಳು ಮಾಡಿದ್ದು," ಎಂದು ಅಪ್ಪ ಬೀದಿಗೆಲ್ಲ ತೋರಿಸಿ ಬಂದ. ಮೇಲೆ ನಿಂತು ಅಪ್ಪನ ಸೊಂಟದ ಹಗ್ಗ ಹಿಡಿಯುವವನು ನನ್ನ ಸೋದರಮಾವ. ಅವನು ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಇಂಜಿನಿಯರಮ್ಮ, ಇದು ಗಳಿಗೆಗೊಂದ್ಸಲ ಬೀಡಿ ಕೇಳಲ್ಲ ತಾನೆ? ಹಂಗಾದ್ರೆ ನಿಮ್ಮಪ್ಪನಿಗಿಂತ ವಾಸಿ," ಎಂದ.

ಮೊದಲ ಗುಂಡಿಯಲ್ಲೇ ಪೆಟ್ಟಿಗೆ ಕೂಗಿತು. ಮುಂದಿನದರಲ್ಲೂ ಕೂಗಿತು. ಕೂಗಿದಾಗಲೆಲ್ಲ ಅಪ್ಪ ಮೇಲೆ ಬಂದು, ಒಳಗೆ ಗಾಳಿಯಾಡುವವರೆಗೆ ದಂಡೆಯಲ್ಲಿ ಕೂತ. ಮೇಸ್ತ್ರಿ ಬಂದು ಬಾಯಿ ಮಾಡಿದ.

"ಏನ್ಲೇ, ಹೆಣ್ಣು ನೋಡಕ್ಕೆ ಬಂದೋನಂಗೆ ಕೂತಿದ್ದೀಯ? ಅದನ್ನ ಕಿತ್ತು ಬಿಸಾಕಿ ಇಳಿಯೋ ಬೋಳಿಮಗನೇ!"

"ಕೂಗ್ತಾ ಇದೆ ಸಾಮಿ."

"ಕೂಗದೆ ಲಾಲಿ ಹಾಡುತ್ತಾ? ನಿಮ್ಮಪ್ಪ ಇಳಿಯೋವಾಗ ಯಾವ ಪೆಟ್ಟಿಗೆ ಇತ್ತೋ?"

ಇಳಿದ ನಮ್ಮಜ್ಜ ಮೇಲೆ ಬಂದಿರಲಿಲ್ಲ. ಅದು ಮೇಸ್ತ್ರಿಗೂ ಗೊತ್ತಿತ್ತು.

ಅವನ ದೂರು ಗೈಡ್‌ಗೆ ಮುಟ್ಟಿತು. ಶನಿವಾರ ಬೆಳಿಗ್ಗೆಯಿಂದ ಪೆಟ್ಟಿಗೆಗಳು ಕೂಗುವುದನ್ನು ನಿಲ್ಲಿಸಿದವು. ಮಧ್ಯಾಹ್ನ ಅಪ್ಪನ ಹಗ್ಗ ಅಲುಗಲಿಲ್ಲ. ಮಾವ ಕೂಗಿದ, ಎಳೆದ, ದಾರಿಯಲ್ಲಿ ಹೋಗುವವರನ್ನು ಕರೆದ. ಹೊಲಸು ಹಗ್ಗವೆಂದು ಯಾರೂ ಕೈ ಹಾಕಲಿಲ್ಲ. ಕೊನೆಗೆ ಒಬ್ಬನೇ ಎಳೆದು ಹಾಕಿದಾಗ ಅಪ್ಪನಿಗೆ ಪ್ರಜ್ಞೆಯಿರಲಿಲ್ಲ. ಎದೆಯ ಮೇಲಿನ ದೀಪ ಮಾತ್ರ ಹಸಿರಾಗಿಯೇ ಇತ್ತು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ. "ಮೊದ್ಲು ತೊಳೆದು ತಗೊಂಡ್ ಬನ್ನಿ." ಉಸಿರಿಗೆ ಒದ್ದಾಡುವವನನ್ನು ಆಂಬ್ಯುಲೆನ್ಸ್ ತೊಳೆಯುವ ಪೈಪಿನ ಕೆಳಗೆ ಮಲಗಿಸಿದೆವು. ಮೂಗು ಮುಚ್ಚಿ ನಿಂತವರ ಕಡೆಗೆ ತಿರುಗಿ ಅವ್ವ ಕಿರುಚಿದಳು: "ನಿಮ್ಮ ಹೇಲು ಕಣ್ರೋ ಇದು! ನಮ್ದಲ್ಲ! ನೀವು ಹೇತಿದ್ದು!"

ಅಪ್ಪ ಉಳಿದ. ಭಾನುವಾರ ಮಾತು ಬಂತು, ಅರ್ಧ ಮಾತು, ಅರ್ಧ ಕೆಮ್ಮು.

"ನಾತ ಒಂದ್ಸಲ ಜೋರಾಗಿ ಹೊಡೀತು, ಆಮೇಲೆ ನಿಂತೇಹೋಯ್ತು. ನಾತ ನಿಂತ್ರೆ ಓಡಿ ಬಂದ್ಬಿಡೋ, ವಿಷಗಾಳಿ ಮೂಗನ್ನೇ ಸಾಯಿಸುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ. ದೀಪ ನೋಡ್ದೆ, ಹಸಿರಿತ್ತು. ನನ್ ಮಗಳು ಅಷ್ಟು ಓದಿದೋಳು, ಅವಳಿಗಿಂತ ನನ್ ಮೂಗು ದೊಡ್ದಾ ಅಂತ ಅಲ್ಲೇ ಇದ್ಬಿಟ್ಟೆ ಕಣವ್ವ."

ನನಗೆ ಅಳು ಬರಲಿಲ್ಲ. ನಾನು ಬರೆದ ಪ್ರೋಗ್ರಾಮ್ ಪ್ರಕಾರ ವಿಷಗಾಳಿಯ ಅಳತೆ ಹತ್ತು ದಾಟಿದ ಕೂಡಲೇ ಪೆಟ್ಟಿಗೆ ಕೂಗಬೇಕಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಗೈಡ್‌ಗೆ ಕರೆ ಮಾಡಿದೆ. ಅವನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಷ್ಟು ಬೆಲೆಯನ್ನೂ ಅವನು ನಮಗೆ ಕೊಟ್ಟಿರಲಿಲ್ಲ.

"ನಾನೇ ಇಲ್ಲಿಂದ ಅಪ್‌ಡೇಟ್ ಕಳಿಸ್ದೆ. ನೂರೈವತ್ತಕ್ಕೆ ಏರಿಸಿದ್ದೀನಿ. ಎಲ್ಲಾ ಗುಂಡೀಲೂ ಬಾಯಿ ಬಡ್ಕೊಳ್ತಿದ್ರೆ ಅದನ್ನ ಕೊಳ್ಳೋರು ಯಾರು?"

"ಸಾರ್, ನಮ್ಮಪ್ಪ ಸಾಯ್ತಿದ್ದ."

"ಕುಡಿದು ಇಳಿದಿರ್ತಾನೆ. ನಿಮ್ ಜನ ಕುಡೀದೆ ಇಳೀತಾರಾ? ಇದೆಲ್ಲ ರಿಪೋರ್ಟಲ್ಲಿ ಬರೀಬೇಡ. ನಾಳೆ ನಗರಸಭೆ ಅಧಿಕಾರಿಗೆ ತೋರಿಸ್ತಿದ್ದೀವಿ. ಆನ್‌ಲೈನಲ್ಲಿ ಬಂದು, ನಮ್ ತಂದೆ ಇದನ್ನೇ ಹಾಕ್ಕೊಂಡು ಇಳೀತಾರೆ ಅಂತ ಎರಡು ಮಾತು ಹೇಳು, ಸರ್ಟಿಫಿಕೇಟ್ ತಗೋ. ಇಲ್ಲಾಂದ್ರೆ ಪರೀಕ್ಷೆ ಮರೆತುಬಿಡು."

"ಆಯ್ತು ಸಾರ್," ಎಂದೆ.

ಆ ಸಂಜೆ, ನಾನು ಹೇಳಿದಂತೆ, ಮಾವ ಗುಂಪಿನವರ ಮನೆಮನೆಗೂ ಹೋದ. "ನಾಳೆಯಿಂದ ಪೆಟ್ಟಿಗೆ ಮತ್ತೆ ಕೂಗುತ್ತೆ, ಕೂಗಿದ್ರೆ ಯಾವನೂ ಇಳೀಬೇಡಿ. ಇಳಿದ ನನ್ಮಗನ ಹಗ್ಗ ನಾನಂತೂ ಹಿಡಿಯಲ್ಲ."

ಸೋಮವಾರ, ಕೆಲಸ ಶುರುವಾಗುವ ಮೊದಲೇ, ಎಲ್ಲ ಪೆಟ್ಟಿಗೆಗಳಿಗೂ ಮತ್ತೆ ಹತ್ತು ಎಂದು ಹಾಕಿ, ಗೈಡ್ ಕೈಗೆ ಸಿಗದಂತೆ ಪಾಸ್‌ವರ್ಡ್ ಬದಲಿಸಿದೆ. ಅಧಿಕಾರಿಯ ಮುಂದಿನ ದೊಡ್ಡ ಪರದೆಯಲ್ಲಿ ನಗರದ ನಕ್ಷೆ, ಅದರ ಮೇಲೆ ಒಂದೊಂದು ಪೆಟ್ಟಿಗೆಗೂ ಒಂದೊಂದು ಹಸಿರು ಚುಕ್ಕೆ. ಗೈಡ್ ಮಾತಿನಲ್ಲಿ ಮನೆ ಕಟ್ಟುತ್ತಿದ್ದ. ಅಷ್ಟರಲ್ಲಿ ಊರಿನ ಗುಂಡಿಗಳ ಮುಚ್ಚಳ ಒಂದೊಂದಾಗಿ ತೆರೆದವು, ಅಲ್ಲೊಂದು ಚುಕ್ಕೆ ಕೆಂಪಾಯಿತು, ಇಲ್ಲೊಂದು ಕೆಂಪಾಯಿತು, ಆಮೇಲೆ ಎಲ್ಲವೂ.

"ಏನ್ರೀ ಇದು, ಊರೆಲ್ಲಾ ಕೆಂಪು?" ಎಂದ ಅಧಿಕಾರಿ.

"ಊರು ಮುಂಚಿಂದ್ಲೂ ಹಿಂಗೇ ಸಾರ್," ಎಂದೆ ನಾನು. "ಈ ಮನುಷ್ಯ ಸುಳ್ಳು ನಂಬರ್ ಹಾಕಿ ನಮ್ಮಪ್ಪನ್ನ ಇಳಿಸಿದ್ದ. ಮೊನ್ನೆ ಹೆಣ ಆಗ್ತಿದ್ದ…"

ಗೈಡ್ ನನ್ನ ಧ್ವನಿ ಬಂದ್ ಮಾಡಿದ. ಪೆಟ್ಟಿಗೆಗಳ ಬಾಯಿ ಮುಚ್ಚಿಸಲು ಮಾತ್ರ ಅವನಿಂದಾಗಲಿಲ್ಲ.

ಅಂದಿನಿಂದ ಯಾರೂ ಇಳಿಯಲಿಲ್ಲ. ಮೇಸ್ತ್ರಿ ಬೈದ, ಹೊಡೆಯಲು ಕೈ ಎತ್ತಿದ, ಕೊನೆಗೆ ಅಣ್ಣಾ ತಮ್ಮಾ ಎಂದ. ವಾರ ಮುಗಿಯುವುದರೊಳಗೆ ಅಧಿಕಾರಿಗಳ ಬಂಗಲೆಗಳಿರುವ ಬೀದಿಯಲ್ಲಿ ಮುಚ್ಚಳಗಳು ತಾವಾಗಿಯೇ ಎದ್ದವು. ಅವರವರದು ಅವರವರ ಅಂಗಳಕ್ಕೇ ಬಂತು. ಅದನ್ನು ನೋಡಲೆಂದೇ ಅವ್ವ ಆ ಕಡೆ ಒಂದು ಸುತ್ತು ಹೋಗಿ ಬಂದು, "ಮಾಡಿದ್ದುಣ್ಣೋ ಮಹಾರಾಯ," ಎಂದು ಹೊಟ್ಟೆ ತುಂಬ ನಕ್ಕಳು.

ಆಗ ಗೈಡ್ ಬಂದ. ಅಲ್ಲಿಯವರೆಗೆ ಎದೆಯಿಂದ ಮೇಲಷ್ಟೇ ಕಂಡಿದ್ದವನು ಪ್ಯಾಂಟು ಮಡಚಿಕೊಂಡು, ಇಟ್ಟಿಗೆಯಿಂದ ಇಟ್ಟಿಗೆಗೆ ಹಾರುತ್ತ, ಆಸ್ಪತ್ರೆಯಿಂದ ಬಂದ ಅಪ್ಪನೂ ಸೇರಿ ನಾವೆಲ್ಲ ಕೆಲಸ ನಿಲ್ಲಿಸಿ ಕೂತಿದ್ದ ಗುಂಡಿಯ ಹತ್ತಿರ ಬಂದು ನಿಂತ. ಹಿಂದೆ ಮೇಸ್ತ್ರಿ. ಅವನ ಹಿಂದೆ ಅಧಿಕಾರಿಯ ಕಾರು.

"ಆಗಿದ್ದಾಯ್ತು, ಬಿಟ್ಟಾಕಮ್ಮ. ಸರ್ಟಿಫಿಕೇಟ್ ತಂದಿದ್ದೀನಿ. ತಗೋ, ಪಾಸ್‌ವರ್ಡ್ ಕೊಡು."

ಸರ್ಟಿಫಿಕೇಟ್ ತೆಗೆದುಕೊಂಡೆ. ಸಹಿ, ಮುದ್ರೆ, ಎಲ್ಲ ಇತ್ತು.

"ನಿಮ್ ನಂಬರ್ರೇ ಹಾಕ್ಲಾ ಸಾರ್?"

"ಹ್ಞೂಂ, ನೂರೈವತ್ತು. ಏನೂ ಆಗಲ್ಲ."

ಫೋನ್ ತೆಗೆದು ಒಂದೇ ಒಂದು ಪೆಟ್ಟಿಗೆಗೆ ನೂರೈವತ್ತು ಹಾಕಿದೆ. ಗುಂಡಿಯ ಬಾಯಲ್ಲಿ ಕೂಗುತ್ತಿದ್ದದ್ದು ಥಟ್ಟನೆ ಸುಮ್ಮನಾಗಿ ಹಸಿರಾಯಿತು. ಅದನ್ನು ಒಯ್ದು ಅವನ ಅಂಗಿಯ ಜೇಬಿಗೆ ಸಿಕ್ಕಿಸಿದೆ.

"ಏನೂ ಆಗಲ್ಲ ಅಂದ್ರಲ್ಲ, ಇಳೀರಿ."

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. ಕೂತಿದ್ದವರೆಲ್ಲ ಎದ್ದು ಸುತ್ತ ನಿಂತರು. ಮೇಸ್ತ್ರಿ ಮೆಲ್ಲಗೆ ಹಿಂದೆ ಸರಿದ. ಕಾರಿನ ಗಾಜು ಮೇಲೇರಿತು. ಮಾವ ಬಂದು ಗೈಡ್‌ನ ಸೊಂಟಕ್ಕೆ ಹಗ್ಗ ಸುತ್ತಿದ.

"ಹೆದರ್ಬೇಡಿ ಸಾರ್. ನಮ್ ಭಾವನ್ನ ಎಳೆದೋನೂ ನಾನೇ."

"ಏಯ್, ಏನ್ ತಮಾಷೆ ಇದು? ಬಿಡ್ರೋ! ಸತ್ತೋಗ್ತೀನಿ ನಾನು!"

ಆ ಮಾತು ಎಲ್ಲರಿಗೂ ಕೇಳಿಸಿತು. ನಾನು ಸರ್ಟಿಫಿಕೇಟನ್ನು ಗುಂಡಿಯ ಮೇಲೆ ಹಿಡಿದು ಕೈ ಬಿಟ್ಟೆ. ಅದು ತಿರುಗುತ್ತ ತಿರುಗುತ್ತ ಕತ್ತಲೊಳಗೆ ಹೋಯಿತು.

"ಸರ್ಟಿಫಿಕೇಟ್ ಕೆಳಗೆ ಬಿತ್ತು ಸಾರ್. ನಂಗೆ ಪರೀಕ್ಷೆಗೆ ಬೇಕು. ಇಳಿದು ತಂದ್ಕೊಡಿ."

ಇವನಾದರೂ ಬಿಡಿಸುತ್ತಾನೇನೋ ಎಂದು ಗೈಡ್ ಅಪ್ಪನ ಮುಖ ನೋಡಿದ. ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ ಅಪ್ಪ ಕೆಮ್ಮುತ್ತಲೇ ಎದ್ದು ಬಂದ. ಕಬ್ಬಿಣದ ಕೊಕ್ಕೆ ಹಾಕಿ, ಅರ್ಧ ಸರಿಸಿದ್ದ ಮುಚ್ಚಳವನ್ನು ಪೂರ್ತಿ ಎಳೆದ.