ವ್ಯಾನಿನ ಅಡಿಯಲ್ಲೊಂದು ಸದ್ದು

ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವಳ ಮಗಳು ನನ್ನ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು. ಚಪ್ಪಲಿಗೆ ಆಯಿಲ್ ತಾಗದಂತೆ ಕಾಲಿಡಲು ಜಾಗ ಹುಡುಕುತ್ತ, ಅಪ್ಪ ವ್ಯಾನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾರೆ ಎಂದಳು.

ಕೈಹಿಡಿದವಳನ್ನು ಕಳೆದುಕೊಂಡವರು ನಾಲ್ಕು ದಿನ ಹಾಗೆ ಮಾತಾಡುತ್ತಾರೆ, ತಾನಾಗಿ ಸರಿಹೋಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವಳು ತಲೆಯಾಡಿಸಿದಳು.

"ಬರೀ ಮಾತಾಡಿದ್ರೆ ನಾನು ಬರ್ತಿರ್ಲಿಲ್ಲ ಮಾವ. ಹಿಂದಿನಿಂದ ಉತ್ತರ ಬರುತ್ತೆ. ನಾನೇ ಕೇಳಿಸ್ಕೊಂಡಿದೀನಿ."

ನನ್ನ ಭಾವ ಇಪ್ಪತ್ತೆರಡು ವರ್ಷದಿಂದ ಶವದ ವ್ಯಾನ್ ಓಡಿಸುತ್ತಿದ್ದವರು. ಕೆಲಸಕ್ಕೆ ಹೊರಟರೆ ಬಿಳಿ ಅಂಗಿಯೇ ಆಗಬೇಕು, ಅದಕ್ಕೆ ಇಸ್ತ್ರಿಯೂ ಆಗಿರಬೇಕು. ಇವರ ಗಾಡಿ ಹತ್ತಿದವರು ಒಬ್ಬರೂ ಇವತ್ತಿನವರೆಗೆ ದೂರು ಹೇಳಿಲ್ಲ ಎಂದು ಅಕ್ಕ ನೆಂಟರೆದುರು ತಮಾಷೆ ಮಾಡುತ್ತಿದ್ದಳು. ಅವರ ಮನೆ ಒಂದು ಇಕ್ಕಟ್ಟಿನ ಓಣಿಯ ತುದಿಯಲ್ಲಿತ್ತು. ವ್ಯಾನನ್ನು ಹಿಮ್ಮುಖವಾಗಿಯೇ ಒಳಗೆ ತರಬೇಕು, ಎರಡೂ ಕಡೆ ಗೋಡೆಗೂ ಗಾಡಿಗೂ ನಡುವೆ ಬಾಗಿಲು ತೆರೆದು ಇಳಿಯುವಷ್ಟೇ ಜಾಗ. ಎಂಜಿನ್ ಸದ್ದು ಕೇಳಿದ ತಕ್ಷಣ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ಗಾಡಿಯ ಹಿಂದೆ ನಿಲ್ಲುತ್ತಿದ್ದಳು. ಸಾಕು ಅನ್ನುವಲ್ಲಿಗೆ ಬಂದಾಗ ಹಿಂದಿನ ಬಾಗಿಲಿಗೆ ಅಂಗೈಯಿಂದ ಒಂದೇಟು ತಟ್ಟುವಳು. ಭಾವ ಬ್ರೇಕ್ ಹಾಕುವರು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಅವತ್ತು ಮಧ್ಯಾಹ್ನವೇ ನಾನು ಹೋಗಿ, ಒಂದು ಸುತ್ತು ಹೋಗಿ ಬರೋಣ ಬನ್ನಿ ಭಾವ ಎಂದೆ. ಅವರು ಯಾಕೆಂದು ಕೇಳಲಿಲ್ಲ. ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಕೂಡಲೇ ಹಿಂದಿನ ನೆಲದ ಅಡಿಯಿಂದ 'ಟಕ್' ಎಂದಿತು. ದೊಡ್ಡ ರಸ್ತೆಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮತ್ತೊಮ್ಮೆ. ವೇಗ ಹೆಚ್ಚಿದಂತೆ ಸೀಟಿನ ಅಡಿಯಲ್ಲಿ ಸಣ್ಣ ನಡುಕ, ಕನ್ನಡಿಯಲ್ಲಿ ಹಿಂದಿನ ರಸ್ತೆ ಅದುರುತ್ತಿತ್ತು. ಮೂವತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿದವನಿಗೆ ಇನ್ನೇನು ಬೇಕು? ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿನ ಜಾಯಿಂಟ್ ಸವೆದಿದೆ ಎಂದು ಗೊತ್ತಾಯಿತು.

ಆದರೂ ಓಣಿಯ ಬಾಯಿಗೆ ಬಂದು ಭಾವ ರಿವರ್ಸ್ ಹಾಕಿದಾಗ ಹಿಂದಿನಿಂದ ಬಂದ ಆ ಒಂದು ಸದ್ದಿಗೆ ನನ್ನ ತೋಳಿನ ರೋಮ ನೆಟ್ಟಗಾದವು. ಯಾರೋ ಅಂಗೈಯಿಂದ ತಟ್ಟಿದ ಹಾಗೇ ಇತ್ತು. ಭಾವ ಕನ್ನಡಿಯತ್ತ ನೋಡಿ, "ಬಂದೆ ಕಣೇ" ಎಂದು ಮೆಲ್ಲಗೆ ಹೇಳಿದರು. ಪಕ್ಕದಲ್ಲಿ ನಾನಿದ್ದೇನೆ ಎಂಬುದೇ ಅವರಿಗೆ ಮರೆತಿತ್ತು.

ಗಾಡಿ ನಿಂತ ಮೇಲೆ ಜಾಯಿಂಟ್ ಹೋಗಿರುವ ವಿಷಯ ಹೇಳಿದೆ. ಅವರು ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ.

"ಇರ್ಲಿ ಬಿಡು. ಅದರಿಂದ ಯಾರಿಗೇನು ತೊಂದರೆ?"

ತೊಂದರೆ ಏನೆಂದು ಬಿಡಿಸಿ ಹೇಳಿದೆ. ಓಡುವಾಗ ಆ ಜಾಯಿಂಟ್ ಮುರಿದರೆ ಶಾಫ್ಟ್ ಕಳಚಿ ರಸ್ತೆಗೆ ಬೀಳುತ್ತದೆ. ಮುಂದಿನ ತುದಿ ನೆಲಕ್ಕೆ ನಾಟಿಕೊಂಡರೆ ಗಾಡಿಯನ್ನೇ ಎತ್ತಿ ಒಗೆಯಬಹುದು. ಹಿಂದೆ ಹೆಣವೊಂದೇ ಇರುವುದಿಲ್ಲ, ಹೆಣದವರೂ ಕೂತಿರುತ್ತಾರೆ. ಅವರ ಮನೆಯಲ್ಲಿ ಒಂದು ಸಾವು ಸಾಲದೇ ಎಂದೆ. ಭಾವ ಇಳಿದು ಒಳಗೆ ಹೋದರು. ಮಾರನೆಯ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆಯುವಾಗ ವ್ಯಾನ್ ಹೊರಗೆ ನಿಂತಿತ್ತು. ಭಾವ ಬಿಳಿ ಅಂಗಿಯಲ್ಲೇ ಬಂದಿದ್ದರು.

ಚಕ್ರಗಳಿಗೆ ಮರದ ತುಂಡು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು ಅಡಿಗೆ ನುಸುಳಿದೆ. ಹಿಂದಿನ ಜಾಯಿಂಟಿನ ಸುತ್ತ ಇಟ್ಟಿಗೆ ಪುಡಿಯಂಥ ತುಕ್ಕು ಮೆತ್ತಿಕೊಂಡಿತ್ತು. ಗ್ರೀಸ್ ಬತ್ತಿ ಒಳಗಿನ ಬೇರಿಂಗ್ ಪುಡಿಯಾಗುತ್ತಿರುವುದರ ಗುರುತು ಅದು. ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದರೆ ಗಟ್ಟಿಯಾಗಿ ಕೂತಿರಬೇಕಾದ ಜಾಯಿಂಟ್ ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. ಅವರೇ ನೋಡಲಿ ಎಂದು ಭಾವನನ್ನು ಕರೆದೆ. ಅಂಗಿ ಕೊಳೆಯಾಗುತ್ತದೆ, ತಡೆಯಿರಿ, ಗೋಣಿ ಹಾಸುತ್ತೇನೆ ಎಂದು ನಾನು ಅನ್ನುವಷ್ಟರಲ್ಲಿ ಅವರು ನನ್ನ ಪಕ್ಕದಲ್ಲಿ ಬಂದು ಮಲಗಿದ್ದರು.

ಅವರ ಕೈಯನ್ನು ಶಾಫ್ಟಿನ ಮೇಲಿಟ್ಟೆ. ಈ ಕಡೆ ತಿರುವಿದರು, ಟಕ್. ಆ ಕಡೆ ತಿರುವಿದರು, ಟಕ್. ಆಮೇಲೆ ತಿರುವುವುದನ್ನು ನಿಲ್ಲಿಸಿದರು, ಆದರೆ ಕೈ ಬಿಡಲಿಲ್ಲ. ಹಾಗೇ ಮಲಗಿ, ಮೇಲಿನ ತಗಡನ್ನು ನೋಡುತ್ತ, ಅದುವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳಿದರು.

ಅಕ್ಕನಿಗೆ ಎದೆನೋವು ಬಂದದ್ದು ಮಧ್ಯಾಹ್ನ. ಮಗಳು ಹೊಲಿಗೆ ಕೆಲಸಕ್ಕೆ ಹೋಗಿದ್ದಳು. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಅರ್ಧ ಗಂಟೆಯಾಗುತ್ತದೆ ಎಂದರು. ಬಾಗಿಲಲ್ಲೇ ಗಾಡಿ ನಿಂತಿರುವಾಗ ಅರ್ಧ ಗಂಟೆ ಕಾಯುವುದುಂಟೇ? ಅಕ್ಕನನ್ನು ಹೆಣ ಮಲಗಿಸುವ ಜಾಗದಲ್ಲೇ ಮಲಗಿಸಿದರು. ಆ ನೋವಿನಲ್ಲೂ ಅವಳು, "ಅಂತೂ ನಿಮ್ಮ ಗಾಡಿ ಹತ್ತಿಸಿಬಿಟ್ರಲ್ಲ" ಎಂದಳಂತೆ. ಡ್ರೈವರ್ ಸೀಟಿಗೂ ಹಿಂದಿನ ಭಾಗಕ್ಕೂ ನಡುವೆ ತಗಡಿನ ಅಡ್ಡಗೋಡೆ. ಮೇಲೆ ಒಂದು ಚಿಕ್ಕ ಗಾಜು, ಮಲಗಿದವರು ಅದರಲ್ಲಿ ಕಾಣುವುದಿಲ್ಲ. ಆಸ್ಪತ್ರೆಯ ನೇರ ರಸ್ತೆಗೆ ಬಂದಾಗ ಹಿಂದಿನಿಂದ ಮೂರು ಸಲ ಸದ್ದಾಯಿತು. ಬೇಗ ಹೋಗಿ ಅನ್ನುತ್ತಿದ್ದಾಳೆ ಎಂದುಕೊಂಡು ಭಾವ ಇನ್ನೂ ಒತ್ತಿದರು. ಆಸ್ಪತ್ರೆಯ ಮುಂದೆ ಬಾಗಿಲು ತೆಗೆದಾಗ ಅಕ್ಕನಲ್ಲಿ ಉಸಿರಿರಲಿಲ್ಲ.

"ಇಷ್ಟು ವರ್ಷ ಅವಳು ತಟ್ಟಿದ್ರೆ ನಿಲ್ಲಿಸು ಅಂತಲೇ ಅರ್ಥ ಇತ್ತು," ಎಂದರು ಭಾವ. "ಅವತ್ತೊಂದು ದಿನ ನಾನು ನಿಲ್ಲಿಸ್ಲಿಲ್ಲ. ಈಗ ನೀನು ಹೇಳು. ಆ ಸದ್ದು ಅವಳದಾ, ಇದರದಾ?"

ಯಾವ ಗೇರಿನಲ್ಲಿದ್ದಿರಿ ಎಂದು ಕೇಳಿದೆ. ಟಾಪ್ ಗೇರು ಎಂದರು. ನಡುವೆ ಆಕ್ಸಿಲರೇಟರಿನಿಂದ ಕಾಲು ಎತ್ತಿದ್ದಿರಾ ಎಂದೆ. ಎತ್ತಲೇ ಇಲ್ಲ, ಒತ್ತಿದ್ದು ಒತ್ತಿದ ಹಾಗೇ ಇತ್ತು ಎಂದರು.

ಸವೆದ ಜಾಯಿಂಟ್ ಕೂಗುವುದು ಬಲ ಬದಲಾದಾಗ ಮಾತ್ರ. ಗಾಡಿ ಹೊರಡುವಾಗ, ಕಾಲು ಎತ್ತುವಾಗ, ಮುಂದಿನಿಂದ ಹಿಂದಕ್ಕೆ ಗೇರು ಬದಲಿಸುವಾಗ. ಒಂದೇ ಸಮನೆ ಒತ್ತಿ ಓಡಿಸಿದರೆ ನಡುಗುತ್ತದೆ, ಗುಂಯ್‌ಗುಡುತ್ತದೆ, ಹೀಗೆ ಎಣಿಸಿ ಮೂರು ಸಲ ತಟ್ಟುವುದಿಲ್ಲ. ಅದು ನನಗೆ ನನ್ನ ಕೈಬೆರಳಿನಷ್ಟೇ ಗೊತ್ತಿತ್ತು.

"ಇದೇ ಭಾವ," ಎಂದೆ. "ಇದರದೇ ಸದ್ದು."

ಅವರು ಕೈ ಬಿಟ್ಟರು. ಹೊರಗೆ ಹೋಗಿ ನೆರಳಲ್ಲಿ ಕೂತರು.

ಶಾಫ್ಟ್ ಹಿಂದೆ ಕೂರುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ನಾಲ್ಕು ಬೋಲ್ಟ್ ಬಿಚ್ಚಿ ಇಳಿಸಿದೆ. ಗುರುತಿಲ್ಲದೆ ಬಿಚ್ಚಿ ಹೇಗೋ ಜೋಡಿಸಿದರೆ ತೂಕ ತಪ್ಪಿ ಗಾಡಿ ಅದುರುತ್ತದೆ. ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕೊಟ್ಟು ಒತ್ತಿ, ಜಾಯಿಂಟಿನ ನಡುವಿನ ಕ್ರಾಸನ್ನು ಹೊರತೆಗೆದೆ. ಅದರ ನಾಲ್ಕು ತೋಳುಗಳಲ್ಲಿ ಎರಡಕ್ಕೆ ಗೀರು ಬಿದ್ದು, ಉಗುರು ಇಟ್ಟರೆ ಕಚ್ಚುವಷ್ಟು ಆಳವಾಗಿತ್ತು. ಸೂಜಿಯಂಥ ಸಣ್ಣ ಬೇರಿಂಗುಗಳು ಕಂದು ಪುಡಿಯಾಗಿ ಕೈಗೆ ಬಂದವು. ಹೊಸ ಕ್ರಾಸ್ ತಂದು, ಸೂಜಿಗಳು ಒಂದೂ ಅಡ್ಡ ಬೀಳದಂತೆ ಗ್ರೀಸಿನಲ್ಲಿ ನಿಲ್ಲಿಸಿ, ಅವು ಕೂರುವ ಕಪ್ ಒತ್ತಿ, ಲಾಕ್ ಹಾಕಿದೆ. ಶಾಫ್ಟಿನ ಮುಂದಿನ ತುದಿಯ ಜಾಯಿಂಟಿಗೂ ಹೊಸ ಕ್ರಾಸ್ ಹಾಕಿದೆ. ಕೆಲಸ ಮಾಡುವಷ್ಟು ಹೊತ್ತೂ ನನಗೆ ಅಕ್ಕನ ಅಂಗೈ ಕಾಣುತ್ತಿತ್ತು.

ಭಾವ ವ್ಯಾನ್ ತೆಗೆದುಕೊಂಡು ಹೋಗುವಾಗ ಜೊತೆಗೆ ಹೋದೆ. ಗಾಡಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡಿತು. ಓಣಿಯಲ್ಲಿ ರಿವರ್ಸ್ ಹಾಕಿದರು. ಹಿಂದಿನಿಂದ ಏನೂ ಬರಲಿಲ್ಲ. ಗೋಡೆಗೆ ಇನ್ನೂ ಒಂದು ಮಾರು ದೂರವಿರುವಾಗಲೇ ನಿಲ್ಲಿಸಿ, ಇಳಿದು ಹಿಂದೆ ಹೋಗಿ ನೋಡಿ ಬಂದರು. ಮತ್ತೆ ಒಂದಿಷ್ಟು ಹಿಂದೆ ತಂದು ಮತ್ತೆ ಇಳಿದರು. ಮೂರು ಸಲ ಹಾಗೆ ಮಾಡಿದರು. ನಾನು ಬಂದು ನಿಲ್ಲುತ್ತೇನೆ ಎಂದರೆ ಬೇಡ ಎಂದರು.

ಅಪ್ಪ ಈಗ ವ್ಯಾನಿನಲ್ಲಿ ಮಾತಾಡುವುದಿಲ್ಲ, ಊಟ ಸರಿಯಾಗಿ ಮಾಡುತ್ತಾರೆ ಎಂದು ವಾರದ ಮೇಲೆ ಅಕ್ಕನ ಮಗಳು ಹೇಳಿದಳು. ಅವಳ ಮುಖದಲ್ಲಿ ನೆಮ್ಮದಿಯಿತ್ತು. ಅವರನ್ನು ಬಿಟ್ಟದ್ದು ನನ್ನನ್ನು ಹಿಡಿದುಕೊಂಡಿತು. ಗ್ಯಾರೇಜಿನಲ್ಲಿ ಯಾವ ತಗಡು ಸದ್ದಾದರೂ ಕೈ ನಿಲ್ಲುತ್ತಿತ್ತು. ಊಟಕ್ಕೆ ಕೂತಾಗ ಪಕ್ಕದ ಮನೆಯ ಬಾಗಿಲು ಯಾರಾದರೂ ತಟ್ಟಿದರೆ ತಟ್ಟೆ ಬಿಟ್ಟು ಏಳುತ್ತಿದ್ದೆ. ನಿಮಗೇನು ಗಾಳಿ ಮೆಟ್ಟಿಕೊಂಡಿದೆಯಾ ಎಂದು ಹೆಂಡತಿ ಕೇಳಿದಳು. ಏನೂ ಇಲ್ಲ ಎಂದೆ. ಅಕ್ಕನಿಗೆ ಕೊನೆಯಲ್ಲಿ ಇದ್ದದ್ದು ಆ ಮೂರು ಸದ್ದು. ಅದನ್ನೂ ನಾನು ಸವೆದ ಕಬ್ಬಿಣದ್ದು ಎಂದು ಹೇಳಿ ಅಳಿಸಿಬಿಟ್ಟಿದ್ದೆ.

ಮೂರನೆಯ ವಾರ ತಡೆಯಲಾಗದೆ ಹೋದೆ. ಭಾವ ಓಣಿಯಲ್ಲಿ ವ್ಯಾನ್ ಒರೆಸುತ್ತಿದ್ದರು. ಅವತ್ತು ನಾನು ಹೇಳಿದ್ದು ನಿಜವಲ್ಲ ಎಂದೆ. ಅವರು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದರು.

"ಗೊತ್ತು," ಎಂದರು. "ನಾನೂ ಗಾಡಿಯವನೇ ಅಲ್ವೇನಯ್ಯ. ಕಾಲು ಎತ್ತಿದ್ರಾ ಅಂತ ನೀನು ಕೇಳಿದಾಗಲೇ ಗೊತ್ತಾಯ್ತು."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಸುಳ್ಳು ಹೇಳುವಾಗ ನಿನ್ನ ಮುಖ ಥೇಟ್ ಅವಳದೇ. ಊಟ ಮಾಡದೆ ಆಯ್ತು ಅಂತಿದ್ಲಲ್ಲ, ಹಾಗೇ. ಬೈಯೋಕೆ ಮನಸ್ಸಾಗ್ಲಿಲ್ಲ."

ನಿಲ್ಲಿಸಿದ್ದರೂ ಅವಳು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಅದನ್ನು ತಾನು ನಂಬುತ್ತೇನೆ ಎಂದು ಭಾವ ಹೇಳಿದರು. ಸ್ವಲ್ಪ ಹೊತ್ತು ಗಾಜು ಒರೆಸಿದರು. "ನಿಲ್ಲಿಸಿದ್ರೆ ಪಕ್ಕದಲ್ಲಿ ನಾನಿರ್ತಿದ್ದೆ. ಅಷ್ಟೆ," ಎಂದರು.

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಒಂದು ಮನೆಯಲ್ಲಿ ಮುದುಕಿಯೊಬ್ಬರು ತೀರಿಕೊಂಡಿದ್ದರು. ಭಾವನ ಜೊತೆ ಹೆಣ ಎತ್ತಲು ಬರುವವನಿಗೆ ಜ್ವರ. ನೀನು ಬರುತ್ತೀಯಾ ಎಂದು ಕೇಳಿದರು. ನಾನು ಮುಂದಿನ ಬಾಗಿಲಿಗೆ ಹೋಗದೆ ಹಿಂದಿನದನ್ನು ತೆಗೆದು ಹತ್ತಿದೆ. ಭಾವ ನೋಡಿದರು, ಬೇಡ ಅನ್ನಲಿಲ್ಲ.

ಪಕ್ಕದ ಬೆಂಚಿನಲ್ಲಿ ಕೂತೆ. ಒಳಗೆ ಸಾಬೂನಿನ ವಾಸನೆ. ಮೇಲೆ ಬಿಳಿ ತಗಡು, ಅದರ ತುಂಬ ಸಾಲು ರಿವೆಟ್ಟು. ಗಾಜಿನಲ್ಲಿ ಕಂಡದ್ದು ಭಾವನ ತಲೆಯ ಹಿಂಭಾಗ ಮಾತ್ರ, ಅದೂ ಕೂತವನಿಗೆ. ಆಸ್ಪತ್ರೆಯ ನೇರ ರಸ್ತೆಯಲ್ಲೇ ಹೋದೆವು. ಅಕ್ಕ ಮಲಗಿದ್ದ ಖಾಲಿ ಜಾಗದ ಮೇಲೆ ಕೈಯಿಟ್ಟುಕೊಂಡು ನಾನು ಅಷ್ಟು ದೂರವೂ ಕೂತಿದ್ದೆ. ಅಕ್ಕ ಎಂದು ಒಂದು ಸಲ ಕರೆದೆ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಮನೆಯ ಮೆಟ್ಟಿಲು ಕಡಿದಾಗಿತ್ತು. ಕಾಲಿನ ಕಡೆ ಹಿಡಿದವನು ಮುಂದೆ ಇಳಿಯಬೇಕು, ತಲೆ ಯಾವಾಗಲೂ ಮೇಲಿರಬೇಕು, ಅವಸರ ಮಾಡಬಾರದು ಎಂದು ಭಾವ ಮೆಲುದನಿಯಲ್ಲಿ ಹೇಳಿಕೊಟ್ಟರು. ಇವರು ಯಾರು, ಹೊಸಬರಾ ಎಂದು ಮುದುಕಿಯ ಮಗ ನನ್ನನ್ನು ತೋರಿಸಿ ಕೇಳಿದ.

"ನನ್ನ ಹೆಂಡ್ತಿ ತಮ್ಮ," ಎಂದರು ಭಾವ.

ನಾನು ಕಾಲಿನ ಕಡೆ ಹಿಡಿದು ಮೊದಲ ಮೆಟ್ಟಿಲಿಗೆ ಪಾದವಿಟ್ಟೆ.