ಜಂತೆ ಎಣಿಸಿದವನು

"ಇಲ್ಲಿ, ಈ ಗೆರೆ ಮೇಲೆ," ಎಂದು ಗುಮಾಸ್ತರು ಕಾಗದವನ್ನು ಮುಂದೆ ತಳ್ಳಿದರು. ಬಾಯ್ಲರ್ ಮೇಸ್ತ್ರಿ ಪೆನ್ನು ಹಿಡಿದವನು ಹಿಡಿದೇ ಇದ್ದ. ಹೇಳಿಕೆ ಅವನದೇ. ಆದರೆ ಅವನು ಬಾಯಿ ಬಿಡುವ ಮೊದಲೇ ಅದನ್ನು ಬರೆದಾಗಿತ್ತು; ಆ ಕಾರ್ಖಾನೆಯ ವಿಚಾರಣೆಗಳಲ್ಲಿ ಸಾಕ್ಷಿಗಳಿಗೆ ಅಷ್ಟೆಲ್ಲ ಶ್ರಮ ಕೊಡುವ ಪದ್ಧತಿಯಿರಲಿಲ್ಲ.

ಫಿಟ್ಟರ್ ಸಂಸ್ಥೆಗೆ ದ್ರೋಹ ಬಗೆದಿದ್ದಾನೆ ಎಂದಿತ್ತು ಅದರಲ್ಲಿ. ಫಿಟ್ಟರ್ ಎಂದರೆ ಮೇಸ್ತ್ರಿಯ ತಂಗಿಯ ಗಂಡ. ಬಾಯ್ಲರಿನ ಸೇಫ್ಟಿ ವಾಲ್ವನ್ನು ತಂತಿಯಿಂದ ಬಿಗಿದಿದ್ದಾರೆ, ಒತ್ತಡ ಹೆಚ್ಚಿದರೆ ಉಗಿ ಹೋಗಲು ದಾರಿಯೇ ಇಲ್ಲ ಎಂದು ಅವನು ಸರಕಾರದ ಇನ್‌ಸ್ಪೆಕ್ಟರಿಗೆ ಹೇಳಿಬಿಟ್ಟಿದ್ದ. ಹೇಳಿದ್ದು ನಿಜ. ಮ್ಯಾನೇಜರ್ ಹೇಳಿದರೆಂದು ತಂತಿ ಬಿಗಿದವನು ಇದೇ ಮೇಸ್ತ್ರಿ. ಬಿಗಿದವರು ಯಾರೆಂದು ಕೇಳಿದಾಗ ಮಾತ್ರ ಫಿಟ್ಟರ್ ಗೊತ್ತಿಲ್ಲ ಎಂದಿದ್ದ.

"ಗುಮಾಸ್ತ್ರೇ, ದ್ರೋಹ ಅಂದ್ರೆ ಸರಿಯಾಗಿ ಏನರ್ಥ?"

ಮಾತಿನಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಉಂಡ ಮನೆ ಜಂತೆ ಎಣಿಸೋದು. ಅಷ್ಟೇ."

"ಜಂತೆ ತಲೆ ಮೇಲೆ ಬೀಳೋ ಹಾಗಿದ್ರೆ?"

"ಆಗ್ಲೂ ಎಣಿಸಬಾರ್ದು." ನಕ್ಕು, ದನಿ ತಗ್ಗಿಸಿದರು. "ನೋಡಪ್ಪಾ, ನೀನು ಸಹಿ ಹಾಕ್ಲಿಲ್ಲ ಅಂದ್ರೆ ತಂತಿ ಬಿಗಿದೋರು ಯಾರು ಅಂತ ಮ್ಯಾನೇಜರ್ ಸಾಹೇಬ್ರೇ ಇನ್‌ಸ್ಪೆಕ್ಟರಿಗೆ ಹೇಳ್ಬೇಕಾಗುತ್ತೆ. ಅವ್ರು ಬಿಗಿಸಿದ್ದು ಅನ್ನೋಕೆ ನಿನ್ ಹತ್ರ ಕಾಗದ ಇದ್ಯಾ?"

ಕಾಗದವಿರಲಿಲ್ಲ. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವನ ಕೈಕಾಲು ತಣ್ಣಗಾದವು. ನಾನು ಜೈಲಿಗೆ ಹೋದರೆ ಹೆಂಡತಿ ಮಕ್ಕಳ ಗತಿ ಏನು ಎಂದುಕೊಂಡ. ತಂಗಿಯ ಗತಿ ಏನು ಎಂಬುದು ಹೊಳೆಯುವಷ್ಟರಲ್ಲಿ ಸಹಿ ಆಗಿಹೋಗಿತ್ತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಹೊರಗೆ ಬೆಂಚಿನ ಮೇಲೆ ಫಿಟ್ಟರ್ ಕೂತಿದ್ದ. ಮುಂದಿನ ಸರದಿ ಅವನದು.

"ಬಂದ್ರಾ ಭಾವ? ಒಳಗೆ ನೀವಿದ್ದೀರಿ ಅಂತ ಗೊತ್ತಾದ್ಮೇಲೆ ನನಗೆ ಹೋದ ಜೀವ ಬಂತು ನೋಡಿ. ಒಬ್ರಾದ್ರೂ ನಿಜ ಹೇಳೋರು ಸಿಕ್ರಲ್ಲ."

ಮೇಸ್ತ್ರಿ ಬೆರಳಿಗೆ ಹತ್ತಿದ ಮಸಿಯನ್ನು ಅಂಗಿಗೆ ಒರೆಸಿಕೊಂಡ.

ಒಳಗಿನಿಂದ ಕರೆ ಬಂತು. ಫಿಟ್ಟರ್ ತನ್ನ ಊಟದ ಡಬ್ಬಿಯನ್ನು ಅವನ ಕೈಗಿಟ್ಟ. "ಇದನ್ನ ಸ್ವಲ್ಪ ಹಿಡ್ಕೊಂಡಿರಿ. ನಿಮಗೂ ಸೇರಿಸಿ ಕಟ್ಟಿದ್ದಾಳೆ ನಿಮ್ಮ ತಂಗಿ. ಬಂದ್ಬಿಡ್ತೀನಿ, ಒಟ್ಟಿಗೆ ತಿನ್ನೋಣ."

ಬಾಗಿಲು ಮುಚ್ಚಿಕೊಂಡಿತು. ಡಬ್ಬಿ ಇನ್ನೂ ಬಿಸಿಯಾಗಿತ್ತು. ಮೇಸ್ತ್ರಿ ಅದನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತ ನಿಂತ. ಪಕ್ಕದಲ್ಲೇ ಬೆಂಚು ಖಾಲಿಯಿತ್ತು. ಅಲ್ಲಿ ಇಡಲು ಅವನಿಂದ ಆಗಲಿಲ್ಲ.